ಎರಡು ಸಾಲು ಹೆಚ್ಚಾದ ಪುಟ

ಡೊಂಬಿವಲಿಯ ಒಂದು ಹಾಲ್‌ನಲ್ಲಿ ಮಾಸ್ತರರ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಹಾರ, ಊದಿನಕಡ್ಡಿ, ಮೈಕು ಹಿಡಿದವರ ಗಂಟಲಲ್ಲಿ ಬೇಕಾದ ಜಾಗದಲ್ಲಿ ಗದ್ಗದ. ಕನ್ನಡದ ಕಟ್ಟಾಳು ಎಂದರು ಒಬ್ಬರು. ಊರಿನ ಕೊರಗಿನಲ್ಲೇ ಪ್ರಾಣ ಬಿಟ್ಟರು ಎಂದರು ಇನ್ನೊಬ್ಬರು. ಆ ಇನ್ನೊಬ್ಬರಿಗೆ ಅವರ ಊರು ಯಾವ ಜಿಲ್ಲೆಯದೆಂದೂ ಗೊತ್ತಿರಲಿಲ್ಲ. ಒಮ್ಮೆ ಬೆಳಗಾವಿ ಎಂದರು, ಮತ್ತೊಮ್ಮೆ ಧಾರವಾಡ ಎಂದರು. ನನ್ನನ್ನೂ ಎರಡು ಮಾತಾಡಿ ಎಂದು ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಸಭೆಗೆ ಎರಡು ದಿನ ಮೊದಲು ನಾನು ಅವರ ಮನೆಗೆ ಹೋಗಿ ಬಂದಿದ್ದೆ. ಅಲ್ಲಿ ಕೇಳಿದ್ದನ್ನು ಹಾರ ಹಾಕಿದ ಫೋಟೋದ ಪಕ್ಕ ನಿಂತು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ಅವರು ವಿಜಯಪುರ ಜಿಲ್ಲೆಯವರು. ಠಾಣೆಯ ಕನ್ನಡ ಶಾಲೆಯೊಂದರಲ್ಲಿ ಇತಿಹಾಸ, ಇಂಗ್ಲಿಷು ಕಲಿಸುತ್ತಿದ್ದರು. ಮಕ್ಕಳು ಕಡಿಮೆಯಾಗಿ ಕನ್ನಡ ತರಗತಿಗಳು ಒಂದೊಂದೇ ಮುಚ್ಚಿಕೊಂಡ ಮೇಲೆ ಮಹಾಪೆಯ ನಮ್ಮ ಕಚೇರಿಗೆ ಪ್ರೂಫ್ ನೋಡಲು ಬಂದರು. ಅಮೆರಿಕದ ಶಾಲಾ ಪುಸ್ತಕಗಳಿಗೆ ಪುಟ ಕಟ್ಟಿಕೊಡುವ ಕಚೇರಿ ಅದು. ಅಲ್ಲಿಂದ ಪಾಠ ಬರುತ್ತಿತ್ತು, ನಾವು ಅದನ್ನು ಚಿತ್ರ, ನಕ್ಷೆಗಳ ಜತೆ ಪುಟದಲ್ಲಿ ಕೂರಿಸಿ, ತಪ್ಪು ತಿದ್ದಿ ವಾಪಸು ಕಳಿಸುತ್ತಿದ್ದೆವು. ನನ್ನ ಪಕ್ಕದ ಮೇಜು ಅವರದು. ನಾನು ಉಡುಪಿ ಕಡೆಯವಳು. ಮನೆಯಲ್ಲಿ ತುಳು, ಟ್ರೇನಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಬಾಯಿ ತುಂಬ ಕನ್ನಡ ಮಾತಾಡಲು ಸಿಗುತ್ತಿದ್ದುದು ಇವರೊಬ್ಬರೇ. ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು, ಅವರ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ. ಕಚೇರಿಯ ತುಂಬ ಎಲ್ಲರಿಗೂ ಅವರು ‘ಮಾಸ್ತರ್’.

ಸಿಡುಕು ಸ್ವಭಾವ. ಕನ್ನಡದವರ ಮಕ್ಕಳು ಹಿಂದಿಯಲ್ಲಿ ಉತ್ತರ ಕೊಟ್ಟರೆ ಅಲ್ಲೇ ನಿಲ್ಲಿಸಿ, ಅದನ್ನೇ ಕನ್ನಡದಲ್ಲಿ ಹೇಳಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಚೀಲದಲ್ಲಿ ಹಿತ್ತಾಳೆಯ ತಂಬಿಗೆ. ಕಚೇರಿಯ ಕೂಲರಿನಿಂದ ನೀರನ್ನು ತಾವೇ ಅದಕ್ಕೆ ಹಿಡಿದು, ಎತ್ತಿ ಕುಡಿದು, ತಾವೇ ತೊಳೆದು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಪ್ಯಾಂಟ್ರಿಯ ಕಪ್ಪಿನಲ್ಲಿ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಹುಡುಗರು ‘ಮಾಸ್ತರರ ಮಿನರಲ್ ವಾಟರ್’ ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ಅದನ್ನು ಶುಚಿಯ ಹುಚ್ಚು ಅಂತಲೇ ತಿಳಿದಿದ್ದೆ.

ಡೊಂಬಿವಲಿಯಿಂದ ಮಹಾಪೆಗೆ ಕಂಪನಿಯ ಬಸ್ಸು. ಶಿಳ್‌ಫಾಟಾದಲ್ಲಿ ಟ್ರಾಫಿಕ್ ಜಾಮ್ ಆಯಿತೆಂದರೆ ಅವರ ಊರು ಶುರು. ಕೃಷ್ಣೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಸರಕಾರ ಗುಡ್ಡದ ಮೇಲಿನ ಕಲ್ಲುನೆಲದಲ್ಲಿ ಜಾಗ ಕೊಟ್ಟಿತಂತೆ. ಅಲ್ಲಿ ಬಿತ್ತಿದರೆ ಬೆಳೆಯಿಲ್ಲ, ಕೂತರೆ ನೆರಳಿಲ್ಲ. ಊರಿನವರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು, ಮುಂಬಯಿ ಕಡೆ ನಮ್ಮ ಮಾಸ್ತರ ಇದ್ದಾನಲ್ಲ ಎಂದು ಇವರ ವಿಳಾಸ ಹುಡುಕಿಕೊಂಡು ಬಂದರು. ಇವರು ಠಾಕುರ್ಲಿಯಲ್ಲಿ ರೈಲು ಹಳಿಯ ಆಚೆ ಖಾಲಿ ಜಾಗ ತೋರಿಸಿ, ಸುಣ್ಣದಲ್ಲಿ ಗೆರೆ ಎಳೆದು, ಊರಿನಲ್ಲಿ ಯಾರ ಮನೆಯ ಪಕ್ಕ ಯಾರದಿತ್ತೋ ಅದೇ ಪ್ರಕಾರ ಜೋಪಡಿ ಹಾಕಿಸಿ, ತಾವೂ ಗೌಡರ ಓಣಿಯಲ್ಲೊಂದು ಹಾಕಿಕೊಂಡರು. ಗೌಡರ ಓಣಿ, ಬಡಿಗೇರ ಓಣಿ, ಹೂಗಾರರ ಓಣಿ ಎಲ್ಲ ಮೊದಲಿನಂತೆಯೇ. ಗೌಂಡಿ ಕೆಲಸ, ಹಮಾಲಿ ಕೆಲಸ ಮುಗಿಸಿ ಸಂಜೆ ಬಂದವನು ತನ್ನ ಹಳೆಯ ನೆರೆಯವನ ಪಕ್ಕವೇ ಕೂತು ಎಲೆ ಅಡಿಕೆ ಹಾಕುತ್ತಿದ್ದ.

“ಊರಂದ್ರ ಮನಿ ಅಲ್ರೀ ಬಾಯಾರ. ಬಾಜೂಕ ಯಾರದಾರ ಅನ್ನೂದು ಊರು,” ಎನ್ನುತ್ತಿದ್ದರು. ಈ ಮಾತನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ.

ಒಳ್ಳೆಯ ಮಾತನ್ನೂ ಹೇಳಿಬಿಡಬೇಕು. ನನ್ನ ಅತ್ತೆಗೆ ಕಲ್ಯಾಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ರಕ್ತ ಬೇಕೆಂದರು. ನಮ್ಮ ಬಿಲ್ಡಿಂಗಿನವರು ಫೋನಿನಲ್ಲಿ ಸಮಾಧಾನ ಹೇಳಿದರು, ಬಂದವರಿಲ್ಲ. ಮಾಸ್ತರರು ಆ ಜೋಪಡಿಗಳ ಬಸ್ತಿಯಿಂದ ಒಂದು ಗುಂಪನ್ನೇ ಕರಕೊಂಡು ಬಂದು ಸಾಲಾಗಿ ನಿಲ್ಲಿಸಿದರು. ಜತೆಗೆ ಜೋಳದ ಭಕ್ರಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಆವತ್ತು ರಕ್ತ ಕೊಟ್ಟವರಲ್ಲಿ ದುರಗವ್ವನ ಮಗನೂ ಇದ್ದ. ದುರಗವ್ವ ಅವರದೇ ಊರಿನವಳು, ನಮ್ಮ ಕಚೇರಿಯಲ್ಲಿ ಕಸ ಗುಡಿಸಿ ಕಪ್ಪು ತೊಳೆಯುವ ಕೆಲಸ ಅವಳದು. ಆ ಉಪಕಾರ ನಾನು ಸಾಯುವವರೆಗೂ ಮರೆಯುವಂಥದ್ದಲ್ಲ. ಅದಕ್ಕೇ ಮುಂದಿನದನ್ನು ಬರೆಯುವುದು ಕಷ್ಟ.

ಆ ನೆನಪಿನಲ್ಲಿ ಒಂದು ಪಂಚಮಿ ಹಬ್ಬಕ್ಕೆ ಬಸ್ತಿಗೆ ಹೋದೆ. ಮಾಸ್ತರರು ನನ್ನನ್ನು ಓಣಿ ಓಣಿ ಸುತ್ತಿಸಿದರು. ಎಲ್ಲರ ಮನೆಯಲ್ಲೂ ಉಂಡೆ, ಎಲ್ಲರ ಬಾಯಲ್ಲೂ ಮುಳುಗಿದ ಊರು. ನೀರಿನ ನಲ್ಲಿ ಗೌಡರ ಓಣಿಯ ತುದಿಯಲ್ಲಿತ್ತು. ಆ ಕಡೆಯ ತುದಿಯಲ್ಲಿ, ಸಾರ್ವಜನಿಕ ಪಾಯಿಖಾನೆ ದಾಟಿ, ದೊಡ್ಡ ಚರಂಡಿಯ ದಂಡೆಗೆ ಇನ್ನೂ ಕೆಲವು ಜೋಪಡಿಗಳಿದ್ದವು. ಅಲ್ಲಿಗೆ ಅವರು ಕರಕೊಂಡು ಹೋಗಲಿಲ್ಲ. ಅದು ಯಾವ ಓಣಿ ಎಂದು ಕೇಳಿದೆ.

“ಅದು ಓಣಿ ಅಲ್ರೀ, ಕೆಳಗಿನ ಕೇರಿ. ಅವರೂ ನಮ್ಮೂರವರ,” ಎಂದರು ಸಹಜವಾಗಿ.

ಆ ಜೋಪಡಿಗಳಲ್ಲೊಂದರ ಮುಂದೆ ದುರಗವ್ವ ನಿಂತಿದ್ದಳು. ನನ್ನನ್ನು ನೋಡಿ ಕೈಯೆತ್ತಿದಳು. ನಾನು ಹೋಗಿ ಮಾತಾಡಿಸಿ ಬಂದೆ. ಗೋಡೆಯ ಮೇಲೆ ಮೊಣಕಾಲು ಮಟ್ಟಕ್ಕೆ ನೀರು ನಿಂತ ಕಲೆ. ಮಳೆ ಜೋರಾದಾಗೆಲ್ಲ ಚರಂಡಿ ಮನೆಯೊಳಗೆ ಬರುತ್ತದಂತೆ. ವಾಪಸು ಬಂದಾಗ ಮಾಸ್ತರರು ಪಾಯಿಖಾನೆಯ ಈಚೆಗೇ ನಿಂತಿದ್ದರು. ತಂಬಿಗೆಯ ಅರ್ಥ ನನಗೆ ಅಲ್ಲಿ ತಿಳಿಯಿತು.

ಎಂಟನೆಯ ಇಯತ್ತೆಯ ಅಮೆರಿಕದ ಇತಿಹಾಸ ನಮ್ಮ ಮೇಜಿಗೆ ಬಂದದ್ದು ಅದೇ ವರ್ಷ. ಅದರಲ್ಲಿ ಚೆರೋಕಿ ಜನರ ಪಾಠ. ಬೆಟ್ಟದ ಸೀಮೆಯಲ್ಲಿ ಹೊಲಮನೆ ಮಾಡಿಕೊಂಡಿದ್ದ ಜನ; ತಮ್ಮದೇ ಲಿಪಿ, ತಮ್ಮದೇ ಪತ್ರಿಕೆ, ತಮ್ಮದೇ ಸಂವಿಧಾನ. ಬಿಳಿಯರಿಗೆ ಆ ನೆಲದ ಮೇಲೆ ಕಣ್ಣು ಬಿತ್ತು. ಆ ಜನರಲ್ಲೇ ಕೆಲವೇ ಕೆಲವರು ಸಹಿ ಹಾಕಿದ ಒಪ್ಪಂದ ತೋರಿಸಿ, ಇಡೀ ಜನಾಂಗವೇ ಒಪ್ಪಿದೆ ಎಂದರು. ಸೈನಿಕರು ಬಂದು ಮನೆಯಿಂದ ಎಳೆದು, ಬೇಲಿ ಹಾಕಿದ ಶಿಬಿರಗಳಲ್ಲಿ ಕೂಡಿಹಾಕಿ, ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೊಡೆದುಕೊಂಡು ಹೋದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಮುದುಕರು, ಕೂಸುಗಳು ಮೊದಲು. ಹೋಗಿ ಮುಟ್ಟಿದ ಮೇಲೂ ನೆಮ್ಮದಿಯಿಲ್ಲ. ಸಹಿ ಹಾಕಿದವರಲ್ಲಿ ಕೆಲವರನ್ನು ಅವರವರೇ ಕೊಂದರು. ಮತ್ತೆ ಹೇಗೋ ಶಾಲೆ, ಊರು ಎಲ್ಲ ಕಟ್ಟಿಕೊಂಡರೆ, ಮುಂದೆ ಸರಕಾರ ಎಲ್ಲರಿಗೂ ಸೇರಿದ ನೆಲವನ್ನು ತಲೆಗೊಂದು ತುಂಡು ಮಾಡಿ ಹಂಚಿ ಅದನ್ನೂ ಒಡೆಯಿತು.

ಮಾಸ್ತರರು ಆ ಪುಟಗಳನ್ನು ಮುಗಿಸುವುದೇ ಇಲ್ಲ. ಓದುತ್ತಾರೆ, ಎದ್ದು ಕಿಟಕಿಗೆ ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಊಟದ ಹೊತ್ತಿಗೆ ಎಲ್ಲರಿಗೂ ಅದೇ ಕಥೆ. ಜನ ಪಶ್ಚಿಮಕ್ಕೆ ‘ಹೋದರು’ ಎಂದು ಪಾಠದಲ್ಲಿತ್ತು. ಹೋದರೋ, ಅಟ್ಟಿದರೋ ಎಂದು ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದು ಅಮೆರಿಕಕ್ಕೆ ಕಳಿಸಿದರು. ಮ್ಯಾನೇಜರ್ ಬಂದು, ನಮ್ಮ ಕೆಲಸ ಪ್ರೂಫ್ ನೋಡುವುದು ಸರ್, ಅವರ ಇತಿಹಾಸ ಅವರಿಗೆ ಬಿಡಿ ಎಂದು ಹಿಂದಿಯಲ್ಲಿ ನಯವಾಗಿ ಹೇಳಿದ. ಅಲ್ಲಿಂದ ಧನ್ಯವಾದದ ಜತೆ ಉತ್ತರ ಬಂತು: ‘ಸ್ಥಳಾಂತರಗೊಂಡರು’ ಎಂದು ಹಾಕಿ. ಮಾಸ್ತರರು ಆವತ್ತು ಊಟ ಮಾಡಲಿಲ್ಲ.

ಅಷ್ಟರಲ್ಲಿ ಒಂದು ತೊಡಕು ಬಂತು. ನಮ್ಮ ಕೆಲಸದಲ್ಲಿ ಪುಟಕ್ಕೆ ಇಷ್ಟೇ ಸಾಲು ಎಂದಿರುತ್ತದೆ. ಪಾಠ ಉದ್ದವಾಗಿ ಸಾಲು ಹೊರಗೆ ಉಳಿದರೆ, ಯಾವುದನ್ನು ತೆಗೆಯಬಹುದು ಎಂದು ಪ್ರೂಫ್ ನೋಡುವವರು ಗುರುತು ಹಾಕಿ ಸೂಚಿಸಬೇಕು. ಚೆರೋಕಿ ಪಾಠದ ಒಂದು ಪುಟದಲ್ಲಿ ಎರಡು ಸಾಲು ಹೆಚ್ಚಾಗಿತ್ತು. ಮಾಸ್ತರರು ಗುರುತು ಹಾಕಿ ನನ್ನ ಮೇಜಿಗೆ ದೂಡಿದರು. ಅವರು ಹೊಡೆದು ಹಾಕಿದ್ದ ಎರಡು ಸಾಲು ಇವು: ಚೆರೋಕಿಗಳಲ್ಲಿ ಉಳ್ಳವರು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು; ಆ ಗುಲಾಮರೂ ಅದೇ ದಾರಿಯಲ್ಲಿ, ಒಡೆಯರ ಚಾಕರಿ ಮಾಡುತ್ತಲೇ ನಡೆದರು, ಸತ್ತರು.

ನನಗೆ ರೇಗಿತು. “ಎಂತ ಮಾರಾಯ್ರೆ, ಬೇರೆ ಯಾವುದೂ ಸಿಗಲಿಲ್ವಾ ನಿಮಗೆ ತೆಗೀಲಿಕ್ಕೆ?” ಎಂದೆ.

“ಆ ಕಥಿಗಿ ಇದು ಬ್ಯಾಡ್ರೀ ಬಾಯಾರ. ಓದೋ ಹುಡುಗ್ರಿಗಿ ದುಃಖ ಆಗಬೇಕಂದ್ರ, ನಡುವ ಇದೆಲ್ಲ ಯಾಕ?”

ಅವರಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು. ನಾನು ನಕ್ಷೆಯನ್ನು ಒಂದಿಷ್ಟು ಸಣ್ಣದು ಮಾಡಿಸಿ ಆ ಎರಡು ಸಾಲನ್ನು ಉಳಿಸಿದೆ. ಆ ಗುಲಾಮರ ಸಂತತಿಯವರು ನಮ್ಮವರಲ್ಲ ಎಂದು ಚೆರೋಕಿ ಜನ ಮತ ಹಾಕಿ ಹೊರಗಿಟ್ಟರೆಂದೂ, ಬಹಳ ವರ್ಷದ ಮೇಲೆ ಕೋರ್ಟು ಅವರನ್ನು ಒಳಗೆ ಸೇರಿಸಿತೆಂದೂ ಮುಂದೆ ಓದಿದೆ. ಮಾಸ್ತರರಿಗೆ ಹೇಳಲು ಹೋಗಲಿಲ್ಲ. ಅಷ್ಟರಲ್ಲಿ ನಮ್ಮ ಮಾತು ಬಹಳ ಕಡಿಮೆಯಾಗಿತ್ತು.

ಮಾತು ಕಡಿಮೆಯಾದದ್ದು ಹೀಗೆ. ಪಾಠ ಅಚ್ಚಾಗಿ ಕೆಲವು ವರ್ಷ ಕಳೆದ ಮೇಲೆ ಬಸ್ತಿಗೆ ನೋಟೀಸು ಬಂತು. ಜೋಪಡಿಗಳನ್ನು ಕೆಡವುತ್ತೇವೆ, ಪ್ರತಿ ಮನೆಗೂ ಕಲ್ಯಾಣದ ಆಚೆ ಕಟ್ಟಿದ ಬಿಲ್ಡಿಂಗುಗಳಲ್ಲಿ ಒಂದು ಖೋಲಿ ಕೊಡುತ್ತೇವೆ, ಯಾರಿಗೆ ಯಾವುದೆಂದು ಲಾಟರಿಯಲ್ಲಿ ಚೀಟಿ ಎತ್ತುತ್ತೇವೆ. ಅಲ್ಲಿ ಬೇರೆ ಬೇರೆ ಬಸ್ತಿಗಳಿಂದ ತಂದ ಜನರೂ ಇರುತ್ತಾರೆ. ಮಾಸ್ತರರ ಎದೆ ಒಡೆಯಿತು. ಮನೆ ಹೋಗುವುದಕ್ಕೆ ಅವರು ಅಷ್ಟು ಹೆದರಲಿಲ್ಲ, ಚೀಟಿಗೆ ಹೆದರಿದರು. ಒಮ್ಮೆ ನೀರಿನಿಂದ ಎತ್ತಿ ತಂದು ಕೂಡಿಸಿದ ಊರು ಈಗ ಚೀಟಿಯಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ ಎಂದು ಬಸ್ಸಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಅವರು ಸುಮ್ಮನೆ ಕೂರುವವರಲ್ಲ. ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದರು. ಬಸ್ತಿಯ ಸಭೆಯಲ್ಲಿ ಚೆರೋಕಿ ಜನರ ಕಥೆ ಹೇಳಿ ಹೆಂಗಸರನ್ನೆಲ್ಲ ಅಳಿಸಿದರು. ಕೊನೆಗೆ ಒಬ್ಬ ಅಧಿಕಾರಿ, ನಿಮ್ಮ ಬಸ್ತಿಯ ಪ್ರತಿಯೊಂದು ಮನೆಯವರೂ ಒಪ್ಪಿ ಸಹಿ ಹಾಕಿದರೆ ಲಾಟರಿ ಬಿಟ್ಟು ನೀವು ಹೇಳಿದಂತೆಯೇ ಹಂಚಬಹುದು ಎಂದನಂತೆ. ಮಾಸ್ತರರು ಹಂಚಿಕೆಯ ನಕ್ಷೆ ತಾವೇ ಬರೆದರು. ಎಲ್ಲ ಓಣಿಯವರೂ ಸಹಿ ಮಾಡಿದರು. ಕೆಳಗಿನ ಕೇರಿಯವರು ಮಾತ್ರ ದುರಗವ್ವ ಮಾಡಿದಂತೆ ಮಾಡುತ್ತೇವೆ ಎಂದರು. ದುರಗವ್ವ ಸಹಿ ಹಾಕಲಿಲ್ಲ.

ಆಗ ಮಾಸ್ತರರು ಬಂದರು, ನಮ್ಮ ಕಚೇರಿಯ ಪ್ಯಾಂಟ್ರಿಗೆ. ಅಷ್ಟು ವರ್ಷದಲ್ಲಿ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನಾನು ಚಹಾ ಮಾಡಿಕೊಳ್ಳುತ್ತಿದ್ದೆ. ದುರಗವ್ವ ಕಪ್ಪು ತೊಳೆಯುತ್ತಿದ್ದಳು.

“ದುರಗವ್ವಾ, ನಿಮ್ಮ ಕೇರಿದೊಂದು ಬಾಕಿ ಅದ. ನೀ ಹೆಬ್ಬಟ್ಟ ಒತ್ತಿದ್ರ ಊರು ಉಳೀತದ,” ಎಂದರು.

“ನಮಗ ಯಾವ ಬಿಲ್ಡಿಂಗ್ ಬರದೀರಿ ಮಾಸ್ತರ್ರ?”

“ಕಡೀದು. ಊರಾಗ ಇದ್ದಂಗನ.”

“ಅಲ್ಲೂ ಗಟಾರದ ದಂಡೀದಲ್ರೀ ಅದು?”

ಮಾಸ್ತರರು ಪಕ್ಕಾ ಕಟ್ಟಡ, ಅಲ್ಲಿ ನೀರು ಒಳಗೆ ಬರುವುದಿಲ್ಲ ಎಂದೇನೋ ಹೇಳಿದರು. ದುರಗವ್ವ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ತಿರುಗಿದಳು. ದನಿ ಏರಿಸಲಿಲ್ಲ.

“ಹೊಳಿ ಬಂದಾಗ ಮದಲ ಮುಳುಗಿದ್ದು ನಮ್ಮ ಕೇರಿರಿ. ಇಲ್ಲಿ ಬಂದ ಮ್ಯಾಲೂ ಮಳಿ ಆತಂದ್ರ ನಮ್ಮ ಮನಿನ ಮುಳುಗತೈತಿ. ನಿಮಗ ಊರು ಒಮ್ಮೆ ಮುಳುಗೇತಿ, ನೀವು ಅಳತೀರಿ. ಚೀಟಿ ಎತ್ತಲಿ ಬಿಡ್ರಿ ಮಾಸ್ತರ್ರ. ಚೀಟಿಗಿ ನಮ್ಮ ಕೇರಿ ಯಾವುದಂತ ಗೊತ್ತಿರೂದಿಲ್ಲ.”

ಮಾಸ್ತರರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಿಯೂ ಒಪ್ಪದವರನ್ನು ನಾನು ಬಹಳ ನೋಡಿದ್ದೇನೆ. ಇವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಊರಿದ್ದದ್ದೇ ಹಾಗೆ, ಹಾಗಾಗಿ ಉಳಿಸುವುದೂ ಹಾಗೆಯೇ ಎಂದು ಅವರ ಲೆಕ್ಕ. ನೀವು ಊರು ಒಡೆದಿರಿ ಎಂದು ಹೇಳಿ ಹೊರಟುಹೋದರು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಅಲ್ಲಿ ಚೆರೋಕಿಗಳಲ್ಲಿ ಸಹಿ ಹಾಕಿದವರು ಜನವನ್ನು ಹಾಳು ಮಾಡಿದರು, ಇಲ್ಲಿ ಸಹಿ ಹಾಕದವರು ಎಂದು ಗೊಣಗಿದರು. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಪುಟದಲ್ಲಿ ಆ ಎರಡು ಸಾಲಿಗೆ ಯಾವತ್ತೂ ಜಾಗ ಇಲ್ಲ ಅಲ್ವಾ ಮಾರಾಯ್ರೆ,” ಎಂದುಬಿಟ್ಟೆ.

ಅವರು ಎದ್ದು ಮುಂದಿನ ಸೀಟಿಗೆ ಹೋಗಿ ಕೂತರು. ಆಮೇಲೆ ನಮ್ಮದು ಬರೇ ಕೆಲಸದ ಮಾತು.

ಮಳೆಗಾಲ ಮುಗಿದದ್ದೇ ಜೆಸಿಬಿ ಬಂತು. ಲಾಟರಿಯೂ ಆಯಿತು. ಮಾಸ್ತರರು ಹೆದರಿದ್ದೇ ಆಯಿತು, ಅದರಲ್ಲಿ ಅವರ ಮಾತು ಒಂದಕ್ಷರ ಸುಳ್ಳಾಗಲಿಲ್ಲ. ಗೌಡರ ಓಣಿಯ ಮುದುಕಿಯೊಬ್ಬಳಿಗೆ ಏಳನೆಯ ಮಾಳಿಗೆ ಬಂತು. ಲಿಫ್ಟು ಕೆಟ್ಟದ್ದು ಕೆಟ್ಟೇ ಹೋಯಿತು, ಅವಳು ಮತ್ತೆ ನೆಲಕ್ಕಿಳಿದದ್ದು ಹೆಣವಾಗಿ. ಗಂಡಸರಿಗೆ ಕೂಲಿ ಸಿಗುವ ನಾಕಾ ದೂರವಾಗಿ, ತಲುಪುವಷ್ಟರಲ್ಲಿ ಮುಕಾದಮರು ಬೇರೆಯವರನ್ನು ಕರಕೊಂಡು ಹೋಗಿರುತ್ತಿದ್ದರು. ಜೋಳದ ಹಿಟ್ಟು ಕಡ ಕೇಳಲು ಗುರುತಿನ ಬಾಗಿಲಿಲ್ಲ. ಎಷ್ಟೋ ಜನ ಖೋಲಿ ಬಾಡಿಗೆಗೆ ಕೊಟ್ಟು ಕಲ್ಯಾಣ, ಭಿವಂಡಿ ಎಂದು ಚದುರಿದರು. ದುರಗವ್ವನಿಗೂ ಸ್ವರ್ಗವೇನೂ ಸಿಗಲಿಲ್ಲ. ನೀರು ನುಗ್ಗದ ಮನೆ ಸಿಕ್ಕಿತು, ಆದರೆ ಮಹಾಪೆಗೆ ಬಸ್ಸು ಬದಲಿಸಿ ಬದಲಿಸಿ ಬರುವಷ್ಟರಲ್ಲಿ ಹೊತ್ತು ಮೀರಿ, ನಮ್ಮ ಕಚೇರಿಯವರು ಅವಳನ್ನು ಬಿಡಿಸಿದರು. ಎಲ್ಲರನ್ನೂ ಎತ್ತಿ ಒಗೆದವರು ಮಾತ್ರ ಆ ಖಾಲಿ ಜಾಗಕ್ಕೆ ತಗಡಿನ ಬೇಲಿ ಹಾಕಿ ಸುಮ್ಮನಿದ್ದರು.

ಚೀಟಿ ಮಾಸ್ತರರಿಗೆ ಕೊಟ್ಟದ್ದು ಮೂರನೆಯ ಮಾಳಿಗೆ. ಪಕ್ಕದ ಬಾಗಿಲು ದುರಗವ್ವನದು.

ಬದಲಿಸಿ ಕೊಡಿ ಎಂದು ಅವರು ಓಡಾಡಿದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರದ ಬಾಗಿಲಿನ ಹೊರಗೆ ಕಬ್ಬಿಣದ ಜಾಲಿ ಬಾಗಿಲನ್ನೂ ಹಾಕಿಸಿ, ಹಗಲೂ ಎರಡಕ್ಕೂ ಒಳಗಿನಿಂದ ಚಿಲಕ ಹಾಕಿಕೊಂಡು ಕೂರತೊಡಗಿದರು. ಅವರ ಹೆಂಡತಿ ಮಾತ್ರ ಕೆಲವು ತಿಂಗಳಲ್ಲೇ ದುರಗವ್ವನ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ಮಾತಾಡತೊಡಗಿದರು. ಗಂಡ ಬೈದರೆ ಎದ್ದು ಬರುವುದು, ಮರುದಿನ ಮತ್ತೆ ಅಲ್ಲೇ. ಮಾಸ್ತರರು ನಿವೃತ್ತರಾದ ದಿನ ಕಚೇರಿಯಲ್ಲಿ ಕೇಕು ತರಿಸಿದ್ದರು. ಮುಟ್ಟಲಿಲ್ಲ. ನನ್ನ ಮೇಜಿನ ಹತ್ತಿರ ಬಂದು, “ಒಂದು ಓಣಿನೂ ಉಳೀಲಿಲ್ರೀ ಬಾಯಾರ,” ಎಂದರು. ಅವರ ದನಿ ಕೇಳಿ ನನಗೆ ಪಾಪ ಅನಿಸಿತು, ಸಿಟ್ಟೂ ಬಂತು. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಸತ್ತ ಸುದ್ದಿ ಬಂದಾಗ ಹೋದೆ. ಒಳಗೆ ಅವರ ಹೆಂಡತಿಯ ಸುತ್ತ ನೆಂಟರು ತುಂಬಿದ್ದರು. ಆಕೆ ಸೋದರ ಸೊಸೆಯ ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದಾಗಲೇ ಇದು ಆದದ್ದು. ಎರಡೂ ಬಾಗಿಲು ಒಡೆದು ತೆಗೆದ ಗುರುತು ಚೌಕಟ್ಟಿನಲ್ಲಿತ್ತು. ಹೊರಗೆ ಬಂದಾಗ ದುರಗವ್ವ ನನ್ನನ್ನು ತನ್ನ ಮನೆಗೆ ಕರೆದು, ಚಹಾ ಕೊಟ್ಟು, ಎದುರು ನೆಲದ ಮೇಲೆ ಕೂತಳು. ನಾನು ಕೇಳುವ ಮೊದಲೇ ಹೇಳಿದಳು.

“ಮಧ್ಯಾಹ್ನದಾಗ ಒಳಗ ತಂಬಿಗಿ ಬಿದ್ದ ಸಪ್ಪಳಾತ್ರಿ. ಹೋಗಿ ಬಾಗಲಾ ಬಡದೆ. ಎದಿ ಹಿಡದೈತಿ, ನೀರು ಬೇಕು ಅಂದ್ರು. ಓಡಿ ಬಂದು ನೀರು ತಗೊಂಡು ಹೋಗಿ, ಚಿಲಕಾ ತಗೀರಿ ಅಂದೆ. ಬಾಗಲದ ತನಕಾ ಬಂದಿದ್ರು, ಉಸಿರು ಕೇಳತಿತ್ತು. ಯಾರು ಅಂದ್ರು. ನಾನ್ರೀ, ದುರಗವ್ವ ಅಂದೆ. ಚಿಲಕಾ ತಗೀಲಿಲ್ರಿ. ಆಮ್ಯಾಲ, ನಮ್ಮ ಓಣ್ಯಾಗಿನವರನ್ನ ಯಾರನ್ನರ ಕರಿ ಅಂದ್ರು.”

ಮಾಳಿಗೆಯ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರಂತೆ. ಅವಳೇ ಮಗನಿಗೆ ಫೋನು ಮಾಡಿ, ಗೌಡರ ಓಣಿಯವರ ನಂಬರು ಹುಡುಕಿಸಿ ಕರೆಸಿದಳಂತೆ. ಒಬ್ಬ ಭಿವಂಡಿಯಲ್ಲಿ, ಇನ್ನೊಬ್ಬ ಠಾಣೆಯಲ್ಲಿ. ಅವರು ಬರುವ ತನಕ ಅವಳು ಜಾಲಿಗೆ ಬಾಯಿಟ್ಟು ಚಿಲಕ ತೆಗೆಯಿರಿ, ಚಿಲಕ ತೆಗೆಯಿರಿ ಎನ್ನುತ್ತಲೇ ಇದ್ದಳು. ಒಳಗಿನ ಉಸಿರು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. ದುರಗವ್ವ ಅಳುತ್ತಿರಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದಳು. ಗೋಡೆಯ ಆಚೆ ಅವರ ಮನೆ.

“ಕೈಯಾಗ ನೀರು ಹಿಡಕೊಂಡ ನಿಂತಿದ್ದೆ ನೋಡ್ರಿ,” ಎಂದಳು. “ಬಾಜೂಕ ನಾನಿದ್ದೆನಲ್ರೀ.”